ಅರ್ಜಿಯಲ್ಲಿ ಬರೆಯದ ಕಸುಬು

ಬೀಗಣ್ಣನ ಅಂಗಡಿ ಎಂದರೆ ಎರಡು ಕಟ್ಟಡಗಳ ಸಂದಿಗೆ ಸಿಕ್ಕಿಕೊಂಡ ಒಂದು ಗೂಡು. ಒಳಗೆ ಅವನೊಬ್ಬ ಕೂತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ಮೂವತ್ತೊಂದು ವರ್ಷ ಅಲ್ಲೇ ಕೂತು ಅವನು ಕೀಲಿಕೈ ಕಡಿದಿದ್ದ, ಅರ ಹಿಡಿದು ತಿಕ್ಕಿದ್ದ, ತುಕ್ಕು ತಿಂದ ಬೀಗಗಳ ಹೊಟ್ಟೆ ಬಗೆದು ಸರಿಮಾಡಿದ್ದ. ಕೀಲಿಕೈ ಒಳಗೇ ಬಿಟ್ಟು ಬಾಗಿಲೆಳೆದುಕೊಂಡು ಪೆಚ್ಚಾಗಿ ನಿಂತವರು ಫೋನು ಮಾಡಿದರೆ ಸೈಕಲ್ ಹತ್ತಿ ಹೊರಡುತ್ತಿದ್ದ. ಮಕ್ಕಳಿರಲಿಲ್ಲ. "ಮಕ್ಕಳ ಮದುವೆ ಮಾಡಿದ್ದಿದ್ರೆ ಬೀಗರು ಸಿಗ್ತಿದ್ರು, ನಮಗೆ ಸಿಕ್ಕಿದ್ದು ಬೀಗ ಮಾತ್ರ" ಎಂದು ತಾನೇ ಹೇಳಿ ತಾನೇ ನಗುತ್ತಿದ್ದ.

ಅವನ ಹೆಂಡತಿ ಹಡಗು ಕಂಪನಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಬೀದಿಯವರು ಆಪರೇಟರಮ್ಮ ಎಂದೇ ಕರೆಯುತ್ತಿದ್ದರು, ನಾಲ್ಕು ಭಾಷೆ ಬರುತ್ತಿತ್ತು. ದೂರದೂರದ ಬಂದರುಗಳಿಗೆ ದಿನಕ್ಕೆ ನೂರಾರು ಕರೆ ಜೋಡಿಸಿಕೊಡುತ್ತಿದ್ದ ಅವಳು ಸಂಜೆ ಮನೆಗೆ ಬಂದು, "ಅಲ್ಲಿ ಇವತ್ತು ಮೊಣಕಾಲುದ್ದ ಹಿಮ ಬಿದ್ದಿದೆಯಂತೆ ರೀ" ಎಂದು ಪಕ್ಕದ ಬೀದಿಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು. ಆ ಊರುಗಳಲ್ಲಿ ಒಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ನಿವೃತ್ತಿಯಾದ ಮೇಲೆ ಅದು ಅವಳನ್ನು ಕಾಡತೊಡಗಿತು. ವಿಮಾನದ ಟಿಕೆಟ್ಟೇನೋ ಹೇಗೋ ಆದೀತು, ಹೋಗಿ ಉಳಿಯುವುದೆಲ್ಲಿ? ಒಂದು ದಿನ ಫೋನು ತಡಕಾಡುವಾಗ ಅವಳಿಗೆ ಒಂದು ಜಾಲತಾಣ ಸಿಕ್ಕಿತು. ರಜೆಗೆ ಹೋಗುವವರು ತಮ್ಮ ಮನೆಯನ್ನೂ ಸಾಕುಪ್ರಾಣಿಯನ್ನೂ ನೋಡಿಕೊಳ್ಳಲು ಜನ ಹುಡುಕುವ ತಾಣ. ಕಾಯುವವರಿಗೆ ಸಂಬಳವಿಲ್ಲ, ಇರಲು ಮನೆ ಇದೆ.

"ಈ ಬೀದಿಯ ನಾಯಿ ಬೆಕ್ಕೆಲ್ಲ ನಾವೇ ತಾನೆ ನೋಡ್ಕೊಂಡಿರೋದು? ಅದನ್ನೇ ಅಲ್ಲಿ ಹೋಗಿ ಮಾಡೋದು" ಎಂದಳು.

ಅರ್ಜಿಗೆ ಬೇಕಾದದ್ದನ್ನೆಲ್ಲ ಒಟ್ಟುಮಾಡಿದರು. ಪೊಲೀಸರ ಪ್ರಮಾಣಪತ್ರ, ಅಕ್ಕಪಕ್ಕದವರ ಎರಡು ಒಳ್ಳೆಯ ಮಾತು, ಕುಂಟ ನಾಯಿಯೊಂದನ್ನು ನಡುವೆ ಕೂರಿಸಿಕೊಂಡು ತೆಗೆದ ಫೋಟೋ. ಕಸುಬು ಎಂಬ ಕಲಮಿನಲ್ಲಿ ಬೀಗಣ್ಣ ಇದ್ದದ್ದನ್ನು ಇದ್ದ ಹಾಗೆ ಬರೆಸಿದ: ಬೀಗ ರಿಪೇರಿ, ಕೀಲಿಕೈ ಮಾಡುವುದು, ಕೀಲಿಕೈ ಇಲ್ಲದಿದ್ದರೆ ಬಾಗಿಲು ತೆಗೆದುಕೊಡುವುದು. ಕೊನೆಯದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಸಿದ.

ಹತ್ತೊಂಬತ್ತು ಮನೆಗೆ ಅರ್ಜಿ ಹಾಕಿದರು. ಹತ್ತೊಂಬತ್ತೂ ಇಲ್ಲ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಬ್ಬಾಕೆ ಮಾತ್ರ ನೇರವಾಗಿ ಬರೆದಳು: ನಿಮ್ಮ ಮೇಲೆ ನನಗೆ ಅನುಮಾನವೇನಿಲ್ಲ, ಆದರೆ ನನ್ನ ಗಂಡನಿಗೆ ರಜೆಯಲ್ಲಿ ನಿದ್ದೆ ಬರುವುದಿಲ್ಲ.

ಹೆಂಡತಿಯ ತಮ್ಮ, ಬ್ಯಾಂಕಿನ ಗುಮಾಸ್ತ, ಆ ಅರ್ಜಿ ಓದಿ ಹಣೆ ಹಣೆ ಚಚ್ಚಿಕೊಂಡ. "ಅಲ್ಲ ಭಾವ, ಮನೆ ಬಿಟ್ಟು ಹೋಗೋವ್ರು ಕಾವಲಿಗೆ ಬೀಗ ಒಡೆಯೋನನ್ನ ಇಟ್ಕೋತಾರಾ?"

"ಒಡೆಯಲ್ಲ ಕಣಯ್ಯ. ತೆಗೀತೀನಿ."

"ಅವರಿಗೆ ಎರಡೂ ಒಂದೇ."

ಅವನು ಹೋದ ಮೇಲೆ ಹೆಂಡತಿ ಆ ಸಾಲನ್ನು ಅಳಿಸಿ 'ಸಣ್ಣ ಯಂತ್ರಗಳ ರಿಪೇರಿ' ಎಂದು ಬರೆದಳು. ಅದನ್ನು ಅವನಿಗೆ ಕನ್ನಡದಲ್ಲಿ ಹೇಳಿ, "ಬೀಗಾನೂ ಒಂದು ಯಂತ್ರಾನೇ ಅಲ್ವಾ?" ಎಂದಳು. ಬೀಗಣ್ಣ ಎದ್ದು ಟೀ ಇಡಲು ಹೋದ.

ಎಂಟೇ ದಿನಕ್ಕೆ ಕರೆ ಬಂತು. ಕಡಲಾಚೆಯ ಒಂದು ಬಂದರಿನ ಊರು. ಭೂಗೋಳ ಕಲಿಸಿ ನಿವೃತ್ತಳಾದ ಒಬ್ಬ ಟೀಚರು, ಒಂಟಿ. ಹದಿನಾಲ್ಕು ವರ್ಷದ ಮುದಿ ನಾಯಿ, ಅದಕ್ಕೆ ಒಂದು ಕಣ್ಣು ಕಾಣದು. ದೂರದ ಊರಿನಲ್ಲಿರುವ ಅಕ್ಕನಿಗೆ ಮಂಡಿಯ ಆಪರೇಷನ್, ಆರೈಕೆಗೆ ಮೂರು ವಾರ ಹೋಗಬೇಕು. ಮೊದಲು ವಿಡಿಯೋದಲ್ಲಿ ಮಾತಾಡೋಣ ಎಂದಳು.

ಮಾತಿನ ದಿನ ಬೀಗಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಂಡತಿಯ ಪಕ್ಕ ಶಾಲೆಯ ಹುಡುಗನಂತೆ ಕೂತ. ಟೀಚರ ಮುಖ ತೆಳ್ಳಗೆ, ಕೂದಲು ಒಂದೂ ಅಲುಗದ ಹಾಗೆ ಬಾಚಿದ್ದು. ಹಿಂದೆ ಕಾಣುವ ಕಪಾಟಿನಲ್ಲಿ ಪುಸ್ತಕಗಳು ಎತ್ತರದ ಪ್ರಕಾರ ನಿಂತಿದ್ದವು. ಟೀಚರು ಕೇಳಿದ್ದನ್ನು ಹೆಂಡತಿ ಕನ್ನಡದಲ್ಲಿ ಹೇಳುವಳು, ಇವನು ಹೇಳಿದ್ದನ್ನು ಅವರ ಭಾಷೆಯಲ್ಲಿ ಹೇಳುವಳು.

"ನಾಯಿ ಊಟ ಬಿಟ್ರೆ ಏನ್ಮಾಡ್ತೀರಿ ಅಂತ ಕೇಳ್ತಿದಾರೆ."

"ಪಕ್ಕದಲ್ಲಿ ನೆಲದ ಮೇಲೆ ಕೂತ್ಕೋತೀನಿ. ಮುದಿ ಪ್ರಾಣಿಗೆ ಒಂಟಿಯಾಗಿ ತಿನ್ನೋಕೆ ಬೇಜಾರು. ಎರಡನೇ ದಿನಾನೂ ತಿನ್ನದಿದ್ರೆ ಡಾಕ್ಟ್ರ ಹತ್ರ."

ಟೀಚರು ತಲೆಯಾಡಿಸಿ ಏನೋ ಬರೆದುಕೊಂಡಳು. ಆಮೇಲೆ ಇನ್ನೊಂದು ಕೇಳಿದಳು. ಹೆಂಡತಿ ಅದನ್ನು ಕನ್ನಡಕ್ಕೆ ತರಲೇ ಇಲ್ಲ, ತಾನೇ ಉತ್ತರ ಕೊಟ್ಟಳು. ಬೀಗಣ್ಣನಿಗೆ ಆ ಭಾಷೆಯಲ್ಲಿ ಬರುತ್ತಿದ್ದದ್ದು ಒಂದೇ ಒಂದು ಪದ, ಬೀಗ ಎಂಬುದು. ಅಂಗಡಿಗೆ ಬರುವ ಪೆಟ್ಟಿಗೆಗಳ ಮೇಲೆ ಅದು ಅಚ್ಚಾಗಿರುತ್ತಿತ್ತು. ಹೆಂಡತಿಯ ಉತ್ತರದಲ್ಲಿ ಆ ಪದ ಬರುತ್ತದೋ ಎಂದು ಅವನು ಉಸಿರು ಬಿಗಿಹಿಡಿದು ಕೇಳಿದ. ಬರಲಿಲ್ಲ.

"ಏನು ಕೇಳಿದ್ರು?" ಎಂದ, ಆಮೇಲೆ.

"ರಿಪೇರಿ ಅಂದ್ರೆ ಏನೇನು ಅಂತ. ಗಡಿಯಾರ, ಹೊಲಿಗೆ ಮಷಿನು ಅಂದೆ." ಅವಳು ಅವನ ಮುಖ ನೋಡಲಿಲ್ಲ. "ಇನ್ನೊಂದು ಹೇಳಿದ್ರು. ಒಂದು ರೂಮು ಮುಚ್ಚಿರುತ್ತಂತೆ, ಅದರ ಕೀಲಿಕೈ ಅವರೇ ತಗೊಂಡು ಹೋಗ್ತಾರಂತೆ. ಅದೊಂದು ಬಿಟ್ಟು ಮನೆಯೆಲ್ಲ ನಮ್ಮದೇ ಅಂತೆ."

ಬೀಗಣ್ಣ ಹೊರಡುವ ಮುಂಚೆ ಸಲಕರಣೆಯ ಚೀಲವನ್ನು ಅಂಗಡಿಯಲ್ಲೇ ಬಿಟ್ಟ. ಮೂವತ್ತೊಂದು ವರ್ಷದಲ್ಲಿ ಅದಿಲ್ಲದೆ ಅವನು ಒಂದು ದಿನವೂ ಕಳೆದಿರಲಿಲ್ಲ. ವಿಮಾನದಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

ಮನೆ ಚಿತ್ರದಲ್ಲಿ ಕಂಡದ್ದಕ್ಕಿಂತ ಚೊಕ್ಕವಾಗಿತ್ತು. ಮರದ ನೆಲ ಕನ್ನಡಿಯ ಹಾಗೆ. ಟೀಚರು ಆರು ಪುಟದ ಸೂಚನೆ ಬರೆದಿಟ್ಟಿದ್ದಳು: ನಾಯಿಗೆ ಎಷ್ಟು ಹೊತ್ತಿಗೆ ಎಷ್ಟು, ಯಾವ ಟವೆಲ್ಲು ಯಾವುದಕ್ಕೆ, ಯಾವ ಕಿಟಕಿ ಎಷ್ಟು ತೆರೆಯಬೇಕು. ಎಲ್ಲ ತೋರಿಸಿ, ನಾಯಿಯ ತಲೆ ಸವರಿ, ಹೊರಟುಹೋದಳು. ನಾಯಿಯ ಹೆಸರು ಬೀಗಣ್ಣನ ನಾಲಿಗೆಗೆ ಹೊರಳಲಿಲ್ಲವಾಗಿ ಅವನು ಅದನ್ನು ಮುದುಕಪ್ಪ ಎಂದು ಕರೆದ. ಮುದುಕಪ್ಪನೂ ಓಗೊಟ್ಟ.

ಆ ಮುಚ್ಚಿದ ರೂಮು ಓಣಿಯ ಹಾಗಿದ್ದ ಒಳದಾರಿಯ ಕೊನೆಯಲ್ಲಿತ್ತು. ಮೊದಲ ನೋಟಕ್ಕೇ ಬೀಗಣ್ಣನಿಗೆ ತಿಳಿಯಿತು: ಹಳೆಯ ಕಾಲದ್ದು, ಬಾಗಿಲಿನೊಳಗೇ ಕೂತ ಬೀಗ, ಒಳಗೆ ಕೀಲಿಕೈ ಎತ್ತುವ ಐದು ತಗಡು. ಮಾತು ಬಿಟ್ಟ ನೆಂಟನನ್ನು ಕಂಡವನಂತೆ ಮುಖ ತಿರುಗಿಸಿಕೊಂಡು ಅತ್ತಿತ್ತ ಓಡಾಡಿದ.

ನಾಲ್ಕನೆಯ ದಿನ ಬೆಳಿಗ್ಗೆ ಮುದುಕಪ್ಪ ಆ ಬಾಗಿಲ ಮುಂದೆ ನಿಂತು ನೆಲ ನೆಕ್ಕುತ್ತಿದ್ದ. ಬೀಗಣ್ಣ ಹತ್ತಿರ ಹೋದ. ಬಾಗಿಲ ಕೆಳಗಿನಿಂದ ನೀರು. ಮೊದಲು ನಾಲಿಗೆಯಷ್ಟು ಅಗಲ. ಹೆಂಡತಿಯನ್ನು ಕರೆದು ಬರುವಷ್ಟರಲ್ಲಿ ಹಾಸುಗಂಬಳಿಯ ಅಂಚು ನೆನೆದಿತ್ತು. ಬಾಗಿಲಿಗೆ ಕಿವಿಯಿಟ್ಟರೆ ಒಳಗೆ ಸುಂಯ್ ಎಂದು ನೀರು ಚಿಮ್ಮುವ ಸದ್ದು.

"ಟೀಚರ್‌ಗೆ ಫೋನು ಮಾಡು."

ಹೆಂಡತಿ ಮಾಡಿದಳು. ಫೋನು ಆಫ್. ಅಕ್ಕನ ಆಪರೇಷನ್ ಆ ದಿನವೇ ಎಂದು ಅವಳಿಗೆ ಆಗ ನೆನಪಾಯಿತು. ಆರು ಪುಟವನ್ನೂ ತಿರುವಿಹಾಕಿದಳು. ಟವೆಲ್ಲುಗಳ ಬಗ್ಗೆ ಅರ್ಧ ಪುಟ ಇತ್ತು, ನೀರಿನ ಮುಖ್ಯ ನಲ್ಲಿ ಎಲ್ಲಿದೆ ಎಂದು ಒಂದು ಸಾಲೂ ಇರಲಿಲ್ಲ. ಬೀಗಣ್ಣ ಅಡುಗೆಮನೆಯ ತೊಟ್ಟಿಯ ಕೆಳಗೆ ನೋಡಿದ, ಬಚ್ಚಲಲ್ಲಿ ನೋಡಿದ, ಚಳಿಯಲ್ಲಿ ಹೊರಗೆ ಓಡಿ ಮನೆಯ ಸುತ್ತ ಒಂದು ಸುತ್ತು ಬಂದ. ಪೈಪು ಬೀದಿಯಿಂದ ಬಂದು ನೇರವಾಗಿ ಆ ರೂಮಿನ ಗೋಡೆಯೊಳಗೇ ನುಗ್ಗಿತ್ತು. ನಲ್ಲಿ ಇದ್ದರೆ ಒಳಗೇ ಇರಬೇಕು. ಕಿಟಕಿಗೆ ಒಳಗಿನಿಂದ ಮರದ ಪಡಿ. ಎಡಮನೆಯ ಬಾಗಿಲು ತಟ್ಟಿದ, ಯಾರೂ ಇಲ್ಲ. ಬಲಮನೆಯ ಅಜ್ಜ ಬಾಗಿಲು ತೆಗೆದು ಎಲ್ಲ ಕೇಳಿಸಿಕೊಂಡವನಂತೆ ನಕ್ಕು, ಕಿವಿ ಕೇಳಿಸುವುದಿಲ್ಲವೆಂದು ಕೈಸನ್ನೆ ಮಾಡಿದ.

ಒಳಗೆ ಬರುವಷ್ಟರಲ್ಲಿ ಹೆಂಡತಿ ಪೈಪು ರಿಪೇರಿಯವರಿಗೆ ಫೋನು ಮಾಡಿ ಮುಗಿಸಿದ್ದಳು. "ನಾಲ್ಕು ಗಂಟೆ ಆಗುತ್ತಂತೆ ಬರೋಕೆ."

ನೀರು ಒಳದಾರಿ ದಾಟಿ ಹಜಾರದ ಮರದ ನೆಲಕ್ಕೆ ಇಳಿದಿತ್ತು. ಗೋಡೆಯ ಕೆಳಗಡೆ, ನೆಲದಿಂದ ಒಂದು ಗೇಣು ಮೇಲೆ, ವಿದ್ಯುತ್ತಿನ ಪ್ಲಗ್ಗುಗಳ ಸಾಲು. ಬೀಗಣ್ಣ ಮೇನ್ ಸ್ವಿಚ್ ಆರಿಸಿದ, ನಾಯಿಯನ್ನೆತ್ತಿ ಸೋಫಾದ ಮೇಲೆ ಇಟ್ಟ. ಆಮೇಲೆ ಇಬ್ಬರೂ ಟವೆಲ್ಲು ಹಿಡಿದು, ಯಾವುದು ಯಾವುದಕ್ಕೆ ಎಂದು ನೋಡದೆ, ನೀರಿಗೆ ಅಡ್ಡ ಹಾಕಿದರು. ಟವೆಲ್ಲು ಮುಗಿದವು. ನೀರು ಮುಗಿಯಲಿಲ್ಲ.

ಹೆಂಡತಿ ಮಂಡಿಯೂರಿ ಕೂತಲ್ಲಿಂದಲೇ ತಲೆಯೆತ್ತಿ ಅವನನ್ನು ನೋಡಿದಳು. "ರೀ, ತೆಗೆದುಬಿಡಿ."

"ತೆಗೀಬೇಡಿ ಅಂದಿದಾರೆ."

"ಗೊತ್ತು."

"ತೆಗೆದ್ರೆ, ಹೇಗೆ ತೆಗೆದೆ ಅಂತ ಕೇಳ್ತಾರೆ."

"ಅದೂ ಗೊತ್ತು ಕಣ್ರೀ. ನಾಲ್ಕು ಗಂಟೆ ಹೊತ್ತು ಇದನ್ನ ನೋಡ್ಕೊಂಡು ಕೂರೋಕಾಗುತ್ತಾ?"

ಅವಳೇ ಹೋಗಿ ತನ್ನ ಛತ್ರಿ ತಂದು ಎರಡು ಕಡ್ಡಿ ಕಿತ್ತುಕೊಟ್ಟಳು. ಅಡುಗೆಮನೆಯ ಸೆಳೆಖಾನೆಯಲ್ಲಿ ಒಂದು ಇಕ್ಕಳ ಸಿಕ್ಕಿತು. ಬೀಗಣ್ಣ ಕಡ್ಡಿಗಳ ತುದಿ ಬಗ್ಗಿಸಿ, ನೀರಿನಲ್ಲೇ ಮಂಡಿಯೂರಿ, ಬೀಗದ ಕಿಂಡಿಗೆ ತೂರಿಸಿದ. ಬೆರಳು ಚಳಿಗೆ ಮರಗಟ್ಟಿದ್ದವು. ಮೊದಲ ತಗಡು ಎದ್ದಿತು, ಎರಡನೆಯದು ಎದ್ದಿತು, ಮೂರನೆಯದರಲ್ಲಿ ಕಡ್ಡಿ ಜಾರಿ ಎಲ್ಲ ಬಿದ್ದವು. ಮತ್ತೆ ಮೊದಲಿನಿಂದ. ಏಳು ನಿಮಿಷ ಹಿಡಿಯಿತು. ಊರಲ್ಲಾಗಿದ್ದರೆ ಎರಡು ನಿಮಿಷದ ಕೆಲಸ. ಕಟಕ್ ಎಂದಾಗ ಅವನಿಗೆ ಯಾವಾಗಲೂ ಆಗುತ್ತಿದ್ದ ಸಂತೋಷ ಆಗಲಿಲ್ಲ.

ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಒಳಗಿನಿಂದ ಏನೋ ತಡೆಯುತ್ತಿತ್ತು. ಭುಜ ಕೊಟ್ಟು ನೂಕಿ ಒಳಗೆ ಕಾಲಿಟ್ಟ ಬೀಗಣ್ಣ ಹಾಗೇ ನಿಂತ.

ರೂಮು ನೆಲದಿಂದ ಸೂರಿನವರೆಗೆ ತುಂಬಿತ್ತು. ಕಟ್ಟು ಕಟ್ಟಿದ ಹಳೆ ಪತ್ರಿಕೆ, ಬಿಚ್ಚದೇ ಬಿಟ್ಟ ಪಾರ್ಸೆಲ್ಲುಗಳು, ಖಾಲಿ ಜಾಡಿಗಳು, ಬೆಲೆಚೀಟಿ ಹಾಗೇ ಇರುವ ಅಂಗಿಗಳು, ಒಂದೇ ಥರದ ಎಂಟು ದೀಪದ ಬುರುಡೆ, ಶಾಲೆಯ ಮಕ್ಕಳ ಪರೀಕ್ಷೆ ಕಾಗದಗಳ ಗುಡ್ಡ, ಸುರುಳಿ ಸುತ್ತಿದ ಭೂಪಟಗಳು. ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದಿ. ಹೊರಗೆ ಪುಸ್ತಕವನ್ನು ಎತ್ತರದ ಪ್ರಕಾರ ಜೋಡಿಸುವ ಟೀಚರ ಮನೆಯೊಳಗೆ ಈ ರೂಮು. ಬೀಗಣ್ಣನಿಗೆ ಯಾರೋ ಬಚ್ಚಲಲ್ಲಿರುವಾಗ ಬಾಗಿಲು ತೆಗೆದಷ್ಟು ನಾಚಿಕೆಯಾಯಿತು.

ಆದರೆ ನೀರು ಚಿಮ್ಮುತ್ತಲೇ ಇತ್ತು. ಗೋಡೆಯ ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು, ನಲ್ಲಿ ಆ ಗುಡ್ಡದ ಹಿಂದೆ. ಇಬ್ಬರೂ ಕೈಗೆ ಸಿಕ್ಕಿದ್ದನ್ನು ಹೊತ್ತು ಹೊರಗೆ ಹಾಕಿದರು. ಮೂರು ಗೋಣಿಯಷ್ಟು ಪತ್ರಿಕೆ ತೆಗೆದ ಮೇಲೆ ಬೀಗಣ್ಣನ ಕೈ ತೋಳಿನವರೆಗೆ ಒಳಹೋಗಿ ನಲ್ಲಿ ಸಿಕ್ಕಿತು. ಬಿಗಿಯಾಗಿತ್ತು. ಟವೆಲ್ಲು ಸುತ್ತಿ ತಿರುಗಿಸಿದ. ಸದ್ದು ಸಣ್ಣದಾಗುತ್ತ ನಿಂತಿತು.

ಮಧ್ಯಾಹ್ನದವರೆಗೂ ಹೊತ್ತು ಹಾಕಿದರು. ನೆಂದ ಕಾಗದವನ್ನು ಒಳಗೇ ಬಿಟ್ಟರೆ ಮುದ್ದೆಯಾಗುತ್ತದೆ. ಹಜಾರದ ಉದ್ದಕ್ಕೂ ಹಗ್ಗ ಕಟ್ಟಿ ಭೂಪಟಗಳನ್ನು ಬಟ್ಟೆಯ ಹಾಗೆ ಒಣಹಾಕಿದರು. ಪರೀಕ್ಷೆ ಕಾಗದಗಳನ್ನು ಸೋಫಾ, ಮೇಜು, ಹಾಸಿಗೆಗಳ ಮೇಲೆ ಹರವಿದರು.

"ಫೋಟೋ ತೆಗೆದಿಡೋಣ. ನಾಳೆ ನಾವೇ ಏನೋ ಕದ್ವಿ ಅಂದ್ರೆ?" ಎಂದಳು ಹೆಂಡತಿ.

"ಬೇಡ. ಬಾಗಿಲು ತೆಗೆದಿದ್ದೇ ಜಾಸ್ತಿ ಆಯ್ತು. ಇದರ ಫೋಟೋ ಬೇರೆನಾ?"

ಇನ್ನು ಟೀಚರಿಗೆ ಬರೆಯಬೇಕು. ಹೆಂಡತಿ ಫೋನು ಹಿಡಿದು ಎರಡು ಸಲ ಬರೆದು ಅಳಿಸಿದಳು. ಕೊನೆಗೆ, "ತಳ್ಳಿದ್ವಿ, ತೆಗೀತು ಅಂತ ಬರೀತೀನಿ. ಹಳೇ ಬಾಗಿಲು, ನಂಬ್ತಾರೆ" ಎಂದಳು.

"ಬೀಗದ ಮೇಲೆ ಒಂದು ಗೀರೂ ಇಲ್ಲ. ತಳ್ಳಿ ತೆಗೆದಿದ್ರೆ ಚೌಕಟ್ಟು ಸೀಳಿರಬೇಕಿತ್ತು."

"ಹಾಗಾದ್ರೆ ಸೀಳಿಬಿಡಿ."

ಅವನು ಅವಳನ್ನು ನೋಡಿದ. ತಮಾಷೆ ಮಾಡುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಯಾರ ಮಾತನ್ನು ಯಾರಿಗೂ ತಪ್ಪಾಗಿ ಜೋಡಿಸದ ಹೆಂಗಸು ಒದ್ದೆ ಸೆರಗು ಹಿಂಡುತ್ತ ಕೂತಿದ್ದಳು. ಬೀಗಣ್ಣ ಎದ್ದು ಬಾಗಿಲ ಹತ್ತಿರ ಹೋದ. ಹಳೆಯ ಮರ, ಒಳ್ಳೆಯ ಮರ. ಸಲಾಕೆಯೊಂದನ್ನು ತೂರಿಸಿ ಒಂದು ಸಲ ಮೀಟಿದರೆ ಸಾಕು, ಸುಳ್ಳು ನಿಜವಾಗುತ್ತದೆ. ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತ. ಹಜಾರದಿಂದ ಒಣಹಾಕಿದ ಕಾಗದದ ಸರಪರ ಸದ್ದು.

"ನನ್ನ ಕೈಲಾಗಲ್ಲ" ಎಂದ ವಾಪಸು ಬಂದು. "ಇದ್ದದ್ದನ್ನ ಬರಿ. ನಾನು ಬೀಗದವನು, ಅರ್ಜೀಲಿ ಹೇಳ್ಲಿಲ್ಲ ಅಂತಾನೂ ಬರಿ."

"ಹೇಳ್ದೇ ಇದ್ದಿದ್ದು ನಾನು."

"ನಾನೂ ಪಕ್ಕದಲ್ಲೇ ಕೂತಿದ್ನಲ್ಲ. ನಾವು ಅಂತ ಬರಿ."

ಬರೆದರು. ಸಂಜೆಯ ಹೊತ್ತಿಗೆ ಟೀಚರು ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಬೀದಿಯಲ್ಲಿ ಒಂದು ಗಾಡಿ ನಿಂತಾಗ ಬೀಗಣ್ಣ ಎದ್ದು ನಿಂತ. ಪೊಲೀಸರೇ ಸರಿ ಎಂದುಕೊಂಡ. ಪೈಪು ರಿಪೇರಿಯವನು ನಾಲ್ಕು ಗಂಟೆ ಎಂದವನು ಎಂಟು ಗಂಟೆ ಮಾಡಿಕೊಂಡು ಬಂದಿದ್ದ. ಮರುದಿನ ಬೆಳಿಗ್ಗೆ ಒಂದು ಸಾಲು ಬಂತು: ನಾಳೆ ಬರುತ್ತೇನೆ.

ಟೀಚರು ಬಂದಾಗ ಮಧ್ಯಾಹ್ನ ಮೂರು ಗಂಟೆ. ತನ್ನ ಮನೆಯ ಹೊಸ್ತಿಲಲ್ಲೇ ನಿಂತಳು. ಅವಳು ಯಾರಿಗೂ ಕಾಣದಂತೆ ಇಟ್ಟದ್ದೆಲ್ಲ ಹಜಾರದಲ್ಲಿ ನೇತಾಡುತ್ತಿತ್ತು. ಮುದುಕಪ್ಪ ಹೋಗಿ ಅವಳ ಕಾಲಿಗೆ ಮೈ ಒರಗಿಸಿದ, ಅವಳು ಬಗ್ಗಲಿಲ್ಲ. ಒಂದು ಭೂಪಟದ ತುದಿ ಮುಟ್ಟಿ ನೋಡಿದಳು.

"ಎಲ್ಲ ನೋಡಿದ್ರಿ" ಎಂದಳು. ಹೆಂಡತಿ ಅದನ್ನು ಮೆಲ್ಲಗೆ ಕನ್ನಡಕ್ಕೆ ತಂದಳು.

"ನೀರು ನೋಡಿದ್ವಿ ಟೀಚರ್" ಎಂದ ಬೀಗಣ್ಣ.

ಟೀಚರ ಕುತ್ತಿಗೆ ಕೆಂಪಾಗಿತ್ತು. "ಮೊದಲೇ ಹೇಳಬೇಕಿತ್ತು. ಬೀಗದ ಕೆಲಸದವರು ಅಂತ."

"ಹೌದು. ತಪ್ಪಾಯ್ತು." ಆಮೇಲೆ ಅವನು ಕೇಳಿದ, "ಹೇಳಿದ್ದಿದ್ರೆ ನಮ್ಮನ್ನ ಕರೀತಿದ್ರಾ?"

ಟೀಚರು ಪಾಠ ಮಾಡಿ ರೂಢಿಯಿದ್ದವಳು, ಪ್ರಶ್ನೆಯನ್ನು ನಿಜವಾಗಿಯೇ ಯೋಚಿಸಿದಳು. "ಇಲ್ಲ" ಎಂದಳು.

ಆ ಸಂಜೆ ಮೂವರೂ ಒಂದೇ ಮೇಜಿನಲ್ಲಿ ಉಂಡರು. ಮರುದಿನ ಬೆಳಿಗ್ಗೆ ಟೀಚರು ಊರಿನ ಒಬ್ಬ ಬೀಗದವನನ್ನು ಕರೆಸಿದಳು. ಬೀಗ ಬದಲಾಯಿಸಬೇಕು. ಯುವಕ, ಅವಸರದವನು. ಒಳದಾರಿ ಕತ್ತಲೆಯಿದ್ದದ್ದರಿಂದ ಯಾರಾದರೂ ಬೆಳಕು ಹಿಡಿಯಿರಿ ಎಂದ. ಬೀಗಣ್ಣ ಟಾರ್ಚು ಹಿಡಿದು ನಿಂತ. ತನ್ನನ್ನು ತಡೆಯಲೆಂದೇ ಹಾಕುತ್ತಿರುವ ಬೀಗ. ಯುವಕ ಎರಡನೆಯ ಸ್ಕ್ರೂ ಓರೆಯಾಗಿ ಕೂರಿಸಿದ. ಹಾಗೆ ಕೂತರೆ ಬೀಗದ ನಾಲಿಗೆ ಪೂರ್ತಿ ಹೊರಗೆ ಬರುವುದಿಲ್ಲ. ಬೀಗಣ್ಣನ ಬಾಯಿಗೆ ಮಾತು ಬಂತು. ಹೇಳಿದರೆ ಏನೆಂದುಕೊಂಡಾರು? ಹೇಳದಿದ್ದರೆ ಈ ಬಾಗಿಲು ಯಾರ ಭುಜಕ್ಕಾದರೂ ತೆರೆದುಕೊಳ್ಳುತ್ತದೆ. ಕೊನೆಗೆ ಅವನು ಹೇಳಲೂ ಇಲ್ಲ, ಸುಮ್ಮನಿರಲೂ ಇಲ್ಲ, ಟಾರ್ಚಿನ ಬೆಳಕನ್ನು ಆ ಸ್ಕ್ರೂವಿನ ಮೇಲೆಯೇ ನಿಲ್ಲಿಸಿ ಕದಲಿಸದೆ ಹಿಡಿದ. ಯುವಕ ಎರಡು ಸಲ ಅದನ್ನು ನೋಡಿ, ಗೊಣಗಿ, ಬಿಚ್ಚಿ ನೆಟ್ಟಗೆ ಕೂರಿಸಿದ. ಹಿಂದೆ ನಿಂತ ಟೀಚರು ಅದನ್ನು ಕಂಡಳೋ ಇಲ್ಲವೋ ತಿಳಿಯಲಿಲ್ಲ.

ಅಕ್ಕನ ಹತ್ತಿರ ಯಾರೂ ಇರಲಿಲ್ಲ, ಟೀಚರು ಮರಳಲೇಬೇಕಿತ್ತು. ನಾಯಿಯನ್ನು ಬಿಡಲು ಬೇರೆ ಜಾಗವೂ ಇರಲಿಲ್ಲ. ಹೊರಡುವ ಮುಂಚಿನ ದಿನ ಆಪರೇಟರಮ್ಮನೂ ಅವಳೂ ಕಾಗದಗಳ ನಡುವೆ ನೆಲದ ಮೇಲೆ ಕೂತು ಒಣಗಿದ್ದನ್ನು ಆರಿಸಿದರು. ನಾಲ್ಕು ಚೀಲ ಕಸಕ್ಕೆ ಹೋಯಿತು. ಐದನೆಯದನ್ನು ಟೀಚರು ಬಾಗಿಲವರೆಗೆ ಒಯ್ದು ವಾಪಸು ತಂದಳು. ಆಪರೇಟರಮ್ಮ ಅದನ್ನು ಏನೂ ಕೇಳದೆ ಇಸಿದುಕೊಂಡು ರೂಮಿನೊಳಗೆ ಇಟ್ಟಳು. ಆಮೇಲೆ ಟೀಚರು ಹೊಸ ಬೀಗ ಹಾಕಿ, ಕೀಲಿಕೈ ಚೀಲದಲ್ಲಿಟ್ಟುಕೊಂಡು, "ಮುಖ್ಯ ನಲ್ಲಿ ಈಗ ಹೊರಗಡೆಗೆ ಹಾಕಿಸಿದ್ದೀನಿ" ಎಂದಷ್ಟೇ ಹೇಳಿ ಹೋದಳು.

ಉಳಿದ ಹನ್ನೊಂದು ದಿನ ಅವರಿಬ್ಬರೂ ಆ ಮನೆಯಲ್ಲಿ ಉಸಿರು ಹಿಡಿದುಕೊಂಡೇ ಇದ್ದರು. ಆದರೂ ಆಪರೇಟರಮ್ಮ ಬಂದರು ನೋಡಿದಳು. ಹಿಮದಲ್ಲಿ ಹಡಗುಗಳು ನಿಂತಿದ್ದವು, ಚಳಿಗೆ ಅವಳ ಮೂಗು ಕೆಂಪಾಗಿತ್ತು. ಮುದುಕಪ್ಪನನ್ನು ಎತ್ತಿಕೊಂಡ ಬೀಗಣ್ಣನಿಗೆ, "ಇಲ್ಲಿಯ ಆಪರೇಟರಿಗೆ ಸದಾ ಶೀತ ಇರ್ತಿತ್ತು. ಯಾಕೆ ಅಂತ ಈಗ ಗೊತ್ತಾಯ್ತು" ಎಂದು ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಇವರು ಊರಿಗೆ ಬಂದ ಎರಡು ವಾರಕ್ಕೆ ಟೀಚರು ಜಾಲತಾಣದಲ್ಲಿ ಅವರ ಬಗ್ಗೆ ಬರೆದಳು. ಹೆಂಡತಿ ಅದನ್ನು ಕನ್ನಡದಲ್ಲಿ ಓದುವಾಗ ಬೀಗಣ್ಣ ಅರ ಕೆಳಗಿಟ್ಟು ಕೇಳಿದ.

"'ನಾಯಿಯನ್ನು ಬಹಳ ಚೆನ್ನಾಗಿ ನೋಡಿಕೊಂಡರು. ಪೈಪು ಒಡೆದಾಗ ಮುಚ್ಚಿದ್ದ ಒಂದು ಬಾಗಿಲನ್ನು ತೆಗೆದು ಮನೆ ಉಳಿಸಿದರು. ಆತ ಬೀಗದ ಕೆಲಸದವರು, ಅದನ್ನು ಮೊದಲು ಮುಚ್ಚಿಟ್ಟಿದ್ದರು, ಕೇಳುವ ಮೊದಲೇ ಒಪ್ಪಿಕೊಂಡರು. ಇಷ್ಟನ್ನು ತಿಳಿದುಕೊಂಡು ನೀವೇ ತೀರ್ಮಾನ ಮಾಡಿ.'"

ರೂಮಿನೊಳಗೆ ಏನಿತ್ತೆಂಬುದರ ಸುದ್ದಿ ಅದರಲ್ಲಿರಲಿಲ್ಲ. ಅವರಿಬ್ಬರೂ ಅದನ್ನು ಯಾರಿಗೂ ಹೇಳಲಿಲ್ಲ, ಕೆದಕಿ ಕೆದಕಿ ಕೇಳಿದ ಗುಮಾಸ್ತ ತಮ್ಮನಿಗೂ.

ಕಸುಬಿನ ಕಲಮಿನಲ್ಲಿ ಹಳೆಯ ಸಾಲು ಮತ್ತೆ ಬಂತು. ಏಳು ತಿಂಗಳು ಎಲ್ಲರೂ ಇಲ್ಲವೆಂದರು. ಆಮೇಲೆ ಇನ್ನೊಂದು ದೇಶದಿಂದ, ಕಾಡಂಚಿನ ಒಂದು ತೋಟದ ಮನೆಯಿಂದ, ಇಬ್ಬರು ವಯಸ್ಸಾದ ಅಣ್ಣತಮ್ಮಂದಿರು ಕರೆದರು. ಅವರ ಹತ್ತಿರ ಹದಿನಾರು ಬಾತುಗಳಿದ್ದವು. ವಿಡಿಯೋದಲ್ಲಿ ತಮ್ಮನಾದವನು ಟೀಚರು ಬರೆದದ್ದನ್ನು ಗಟ್ಟಿಯಾಗಿ ಓದಿ, ಅಣ್ಣನ ಮುಖ ನೋಡಿ, ಮತ್ತೆ ಇವರತ್ತ ತಿರುಗಿ ಒಂದೇ ಪ್ರಶ್ನೆ ಕೇಳಿದ.

"ಬಾತು ಕಚ್ಚಿದ್ರೆ ನೋವಾಗುತ್ತೆ. ಪರವಾಗಿಲ್ವಾ?"

ಹೆಂಡತಿ ಅದನ್ನು ಇದ್ದ ಹಾಗೆ ಕನ್ನಡಕ್ಕೆ ತಂದಳು. ಬೀಗಣ್ಣ ಹೇಳಿದ್ದನ್ನೂ ಇದ್ದ ಹಾಗೆ ಅವರಿಗೆ ಹೇಳಿದಳು: ನನಗೆ ಬಾತು ಅಂದ್ರೆ ಸ್ವಲ್ಪ ಭಯ.